ಲಾಗಿಗೆ ಹೆಸರಿಟ್ಟವರು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಗನೋ ಮಗಳೋ ಸೊಸೆಯೋ ಸಾಫ್ಟ್‌ವೇರ್ ಕೆಲಸದಲ್ಲಿಲ್ಲದ ಮನೆ ಹುಡುಕೋದು ಈಗ ಕಷ್ಟ. ಹಬ್ಬಕ್ಕೆ ಬಂದಾಗಲೂ ಜಗಲಿಯಲ್ಲಿ ಕೂತು ಫೋನಿನಲ್ಲಿ 'ಲಾಗ್ ನೋಡಿ ಹೇಳ್ತೀನಿ' ಅಂತಿರ್ತಾರೆ. ಪ್ರೋಗ್ರಾಮು ತಾನು ಮಾಡಿದ್ದನ್ನೆಲ್ಲ ಬರೆದಿಡುತ್ತದಲ್ಲ, ಅದೇ ಲಾಗ್.

ಮೊದಲು ಇದಕ್ಕೆ ಶಿಸ್ತೇ ಇರಲಿಲ್ಲ. ಒಂದೊಂದು ಪ್ರೋಗ್ರಾಮು ತೋಚಿದ ಕಡೆ ತೋಚಿದ್ದನ್ನು ಗೀಚುತ್ತಿತ್ತು. 1980ರ ದಶಕದ ಆರಂಭದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಎರಿಕ್ ಆಲ್‌ಮನ್ ಇಮೇಲ್ ಸಾಗಿಸುವ ಸೆಂಡ್‌ಮೇಲ್ ಬರೆಯುತ್ತ, ಅದರ ಜೊತೆಗೇ ಸಿಸ್‌ಲಾಗ್ ಎಂಬುದನ್ನೂ ಬರೆದ. ಈ ಮನುಷ್ಯನ ಮೇಲೆ ನನಗೆ ವಿಪರೀತ ಪ್ರೀತಿ. ಸಿಸ್‌ಲಾಗ್ ಬೆಳೆದ ಹಾಗೆ ಪ್ರತಿ ಸಾಲಿಗೂ ಎರಡು ಗುರುತು ಬಂದವು: ಹೇಳಿದ್ದು ಯಾರು, ತುರ್ತು ಎಷ್ಟು. ತುರ್ತಿಗೆ ಎಮರ್ಜೆನ್ಸಿಯಿಂದ ಡೀಬಗ್‌ವರೆಗೆ 8 ಮೆಟ್ಟಿಲು. 'ಮೇಲ್‌ದು ಪೂರ್ತಿ ಬೇಕು, ಪ್ರಿಂಟರ್‌ದು ಎಡವಟ್ಟಾದರೆ ಮಾತ್ರ' ಅಂತ ಬೇರೊಂದು ಫೈಲಿನಲ್ಲಿ ಬರೆದರಾಯಿತು, ಪ್ರೋಗ್ರಾಮನ್ನು ಮುಟ್ಟಬೇಕಾಗೇ ಇಲ್ಲ!

'ಹೇಳಿದ್ದು ಯಾರು' ಅನ್ನೋದಕ್ಕಿರುವ ಹೆಸರುಗಳ ಪಟ್ಟಿ ನೋಡಬೇಕು ನೀವು. ಕರ್ನ್, ಮೇಲ್, ಆಥ್, ಯುಯುಸಿಪಿ... ಯುಯುಸಿಪಿ ಅಂದರೆ ಟೆಲಿಫೋನ್ ತಂತಿಯಲ್ಲಿ ಯುನಿಕ್ಸ್ ಯಂತ್ರಗಳು ಫೈಲು ಕಳಿಸಿಕೊಳ್ಳುತ್ತಿದ್ದ ಕಾಲದ್ದು. ಆ ಕಾಲ ಹೋಯಿತು, ಆದರೂ ಸಿಸ್‌ಲಾಗ್‌ನ 2009ರ ನಿಯಮಾವಳಿಯಲ್ಲೂ 8ನೇ ನಂಬರು ಅದಕ್ಕೇ ಮೀಸಲು. ಜಾಣತನ ಇರುವುದು ಪಟ್ಟಿಯ ಕೊನೆಯಲ್ಲಿ: ಲೋಕಲ್ 0 ರಿಂದ ಲೋಕಲ್ 7, ನಿಮಗೆ ಬೇಕಾದ್ದಕ್ಕೆ ಬಳಸಿಕೊಳ್ಳಿ ಅಂತ ಖಾಲಿ ಬಿಟ್ಟಿದ್ದು. ಸಿಸ್ಕೊ ರೂಟರುಗಳು, ನಾವು ಬದಲಿಸದಿದ್ದರೆ, ಇವತ್ತಿಗೂ ಲೋಕಲ್ 7ರ ಹೆಸರಲ್ಲೇ ಬರೆಯುತ್ತವೆ.

ಆದರೆ ಎಂಟು ಖಾಲಿ ಹೆಸರು ಎಲ್ಲಿಗೆ ಸಾಕು? ಜೆಕಿ ಗುಲ್ಜು ಮತ್ತು ಗೆಳೆಯರು 1996ರಲ್ಲಿ ಯುರೋಪಿನ ಸೆಂಪರ್ ಯೋಜನೆಗೆ ಬರೆದ ಲಾಗ್ ಸಲಕರಣೆಯೇ ಮುಂದೆ ಲಾಗ್‌ಫೋರ್‌ಜೆ ಆಯಿತು. ಅಲ್ಲಿ ಹೆಸರು ನಮ್ಮ ವಿಳಾಸದ ಹಾಗೆ: ಶಿವಮೊಗ್ಗ ಜಿಲ್ಲೆ, ಹೊಸನಗರ ತಾಲ್ಲೂಕು, ನಗರ ಹೋಬಳಿ. ತಾಲ್ಲೂಕಿಗೆ ಆದೇಶ ಹೊರಟರೆ ಹೋಬಳಿಗೂ ಅನ್ವಯ, ಹೋಬಳಿಗೇ ಬೇರೆ ಆದೇಶವಿದ್ದರೆ ಅದೇ ಮೇಲು.

ಇದೇ ಕೆಲಸಕ್ಕೆ ಮೈಕ್ರೋಸಾಫ್ಟ್‌ನವರು 2005ರಲ್ಲಿ ಟ್ರೇಸ್‌ಸೋರ್ಸ್ ತಂದರು. ಪ್ರೋಗ್ರಾಮಿನಲ್ಲೊಂದು ಹೆಸರು, ಕಾನ್ಫಿಗ್ ಫೈಲಿನಲ್ಲೂ ಅದೇ ಹೆಸರು ಇರಬೇಕು. 'ನಗರ' ಅನ್ನೋ ಕಡೆ 'ನಾಗರ' ಅಂತ ಬರೆದಿರೋ, ಎರರ್ ಇಲ್ಲ, ಗದರಿಕೆ ಇಲ್ಲ, ಲಾಗಿನಲ್ಲಿ ಒಂದು ಸಾಲೂ ಇಲ್ಲ. ಈ ಒಂದಕ್ಷರದಿಂದ ಎಷ್ಟು ಜನರ ನಿದ್ದೆ ಹೋಗಿದೆಯೋ! ಊರಿನ ಸುದ್ದಿಯನ್ನೆಲ್ಲ ಬರೆಸುವ ಸಲಕರಣೆಗೆ 'ಈ ಹೆಸರಿನವರು ಇಲ್ಲಿ ಯಾರೂ ಇಲ್ಲ' ಅಂತ ಒಂದೇ ಒಂದು ಸಾಲು ಬರೆಯೋಕೆ ಏನು ಕಷ್ಟವಿತ್ತೋ!