ಕಲಿತ ಮೈದಾನಕ್ಕೆ ಮರಳಿದವರು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಕ್ರೀಡೆಯ ಬಗ್ಗೆ ನಾಲ್ಕು ಮಾತಾಡಿ ಎಂದು ನನಗೆ ಹೇಳಿದ್ದಾರೆ. ನಮ್ಮ ಊರ್ಡಿಗೆರೆಯಲ್ಲಿ ನಾವು ಆಡಿದ್ದು ಕಬಡ್ಡಿ, ಖೋ ಖೋ, ವಾಲಿಬಾಲ್. ಆದರೂ ಇವತ್ತು ಒಬ್ಬ ಫುಟ್‌ಬಾಲ್ ಆಟಗಾರರ ಕಥೆ ಹೇಳುತ್ತೇನೆ. ಅದಕ್ಕೆ ಕಾರಣವಿದೆ.

ಅವರ ಹೆಸರು ಕಾರ್ಲ್‌ಟನ್ ಚಾಪ್‌ಮನ್. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1990ರಲ್ಲಿ ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ ಸೇರಿ ಆಟ ಕಲಿತರು. ಅಲ್ಲಿಂದ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಹೋದರು. 1993ರಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಮೂರು ಗೋಲು ಇವರದೇ. ಮುಂದೆ ಪಂಜಾಬಿನ ಜೆಸಿಟಿ ಸೇರಿದರು. 1996-97ರಲ್ಲಿ ಮೊದಲ ಸಲ ನಡೆದ ರಾಷ್ಟ್ರೀಯ ಲೀಗನ್ನು ಆ ತಂಡ ಗೆದ್ದಿತು. 1997ರಲ್ಲಿ ಇವರ ನಾಯಕತ್ವದಲ್ಲಿ ಭಾರತ ಸ್ಯಾಫ್ ಕಪ್ ಗೆದ್ದಿತು. 2001ರಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಾಗಲೂ ನಾಯಕರು ಇವರೇ. ಅದೇ ವರ್ಷ ಆಟ ನಿಲ್ಲಿಸಿದರು.

ಮಕ್ಕಳೇ, ಇವರು ಮೈದಾನದ ನಡುವೆ ಆಡುತ್ತಿದ್ದವರು. ಆ ಜಾಗದವರ ಮುಖ್ಯ ಕೆಲಸ ಹಿಂದಿನಿಂದ ಬಂದ ಚೆಂಡನ್ನು ಮುಂದಿರುವವರಿಗೆ ಮುಟ್ಟಿಸುವುದು. ಆಟ ಬಿಟ್ಟ ಮೇಲೂ ಅವರು ಮಾಡಿದ್ದು ಅದನ್ನೇ. ತರಬೇತುದಾರರಾದರು, ಮೊದಲು ಹೋದದ್ದು ತಾವು ಕಲಿತ ಟಾಟಾ ಅಕಾಡೆಮಿಗೇ. ಆಮೇಲೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ್ ತಂಡಗಳಲ್ಲಿ ದುಡಿದರು.

ಸ್ಕಾಟ್ಲೆಂಡಿನ ಅಲೆಕ್ಸ್ ಫರ್ಗುಸನ್ ಕೂಡ ಆಟಗಾರರಾಗಿದ್ದು ತರಬೇತುದಾರರಾದವರೇ. ಮ್ಯಾಂಚೆಸ್ಟರ್ ಯುನೈಟೆಡ್ ತಂಡಕ್ಕೆ 13 ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು, ಜಗತ್ತೇ ಕೊಂಡಾಡಿತು. ಚಾಪ್‌ಮನ್ ಅವರಿಗೆ ಅಷ್ಟು ದೊಡ್ಡ ತಂಡ, ಅಷ್ಟು ದೊಡ್ಡ ಹೆಸರು ಸಿಗಲಿಲ್ಲ. ಆದರೂ ಹುಡುಗರಿಗೆ ಕಲಿಸುವುದನ್ನು ಬಿಡಲಿಲ್ಲ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ಆ ಸುದ್ದಿ ಓದಿದ ದಿನ ನನಗೆ ನಾಚಿಕೆಯಾಯಿತು.

ಏಕೆಂದರೆ, ನನಗೆ ಓಡುವುದನ್ನು ಕಲಿಸಿದ್ದು ಈ ಶಾಲೆಯ ಮೈದಾನ. ಎಡವಿ ಬಿದ್ದಾಗ ಮಣ್ಣು ಒರೆಸಿ ‘ಏಳೋ, ಓಡೋ’ ಎಂದವರು ಇಲ್ಲಿಯ ಮೇಷ್ಟ್ರು. ಕೆಲಸಕ್ಕೆಂದು ಬೆಂಗಳೂರಿಗೆ ಹೋದ ನಾನು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬಂದೆ. ಶಾಲೆಯ ಗೇಟಿನ ಮುಂದೆಯೇ ಹಾದುಹೋದೆ. ಒಳಗೆ ಬರಲಿಲ್ಲ. ನನಗೆ ಸಿಕ್ಕ ಚೆಂಡನ್ನು ನಾನು ಯಾರಿಗೂ ಕೊಡಲಿಲ್ಲ.

ಇವತ್ತು ಇಷ್ಟು ಹಳೆಯ ವಿದ್ಯಾರ್ಥಿಗಳು ಸೇರಿದ್ದೇವೆ. ದೇಣಿಗೆ ಕೊಡುವವರು ಕೊಡಲಿ, ಒಳ್ಳೆಯದೇ. ನನ್ನ ವಿನಂತಿ ಬೇರೆ. ತಿಂಗಳಿಗೆ ಒಂದು ಶನಿವಾರ ಬನ್ನಿ. ಲೆಕ್ಕ ಬರುವವರು ಲೆಕ್ಕ ಹೇಳಿಕೊಡಿ, ಹೊಲಿಗೆ ಬರುವವರು ಹೊಲಿಗೆ. ನಾನು ಬಂದು ಮಕ್ಕಳ ಜೊತೆ ಓಡುತ್ತೇನೆ. ಮಂಡಿ ನೋವಿದೆ, ನಿಧಾನವಾಗಿ ಓಡುತ್ತೇನೆ. ಗುರುಗಳ ಎದುರು ಕೊಟ್ಟ ಮಾತಿದು. ತಪ್ಪಿದರೆ ಕಿವಿ ಹಿಂಡುವ ಹಕ್ಕು ಅವರಿಗೆ ಈಗಲೂ ಇದೆ.