ಒಂದು ಕಾಲಿಗೆ ಕಪ್ಪು ಬೂಟು

ಇವತ್ತು ಬ್ರೇಕಿಂಗ್ ನ್ಯೂಸ್ ಸ್ವಲ್ಪ ಪಕ್ಕಕ್ಕಿರಲಿ, ಒಂದು ಹಳೇ ಸಿನಿಮಾ ಕಥೆ ಹೇಳ್ತೀನಿ. 1972ರ ಫ್ರೆಂಚ್ ಚಿತ್ರ. ಇಂಗ್ಲಿಷಿನಲ್ಲಿ ಅದರ ಹೆಸರು 'ದಿ ಟಾಲ್ ಬ್ಲಾಂಡ್ ಮ್ಯಾನ್ ವಿತ್ ಒನ್ ಬ್ಲ್ಯಾಕ್ ಶೂ'. ನಿರ್ದೇಶಕ ಈವ್ ರೋಬೇರ್, ನಾಯಕ ಪಿಯರ್ ರಿಷಾರ್.

ಫ್ರಾನ್ಸಿನ ಗುಪ್ತಚರ ಇಲಾಖೆಯ ಮುಖ್ಯಸ್ಥ ಟೂಲೂಸ್. ಅವನ ಕುರ್ಚಿ ಮೇಲೆ ಕೈಕೆಳಗಿನ ಮಿಲಾನ್‌ಗೆ ಕಣ್ಣು. ತನ್ನ ಮಾತನ್ನು ಮಿಲಾನ್ ಕದ್ದಾಲಿಸ್ತಿದ್ದಾನೆ ಅಂತ ಟೂಲೂಸ್‌ಗೆ ಗೊತ್ತು. ಅವನ ಕಿವಿಗೆ ಬೀಳಲಿ ಅಂತಲೇ ಒಂದು ಬುರುಡೆ ಬಿಡ್ತಾನೆ: ನಿನ್ನ ಬಂಡವಾಳ ಬಯಲು ಮಾಡೋ ಏಜೆಂಟ್ ವಿಮಾನದಲ್ಲಿ ಬರ್ತಿದ್ದಾನೆ! ಅಂಥವನು ಯಾರೂ ಇಲ್ಲ. ಸಹಾಯಕನನ್ನು ಓರ್ಲಿ ವಿಮಾನ ನಿಲ್ದಾಣಕ್ಕೆ ಕಳಿಸಿ, ಯಾರನ್ನಾದ್ರೂ ಒಬ್ಬನನ್ನ ಆರಿಸು ಅಂತಾನೆ. ಅವನು ಆರಿಸಿದ್ದು, ಗೆಳೆಯರ ಕೀಟಲೆಯಿಂದ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಂದು ಬೂಟು ಹಾಕ್ಕೊಂಡು ಬಂದ ಒಬ್ಬ ಪಿಟೀಲು ವಾದಕನನ್ನ.

ಅಲ್ಲಿಂದ ಶುರು ತಮಾಷೆ. ಅವನ ಮನೆಗೆ ಮೈಕು, ಹಿಂದೆ ಮುಂದೆ ಗೂಢಚಾರರು. ಪಾಪದವನು ಏನು ಮಾಡಿದ್ರೂ 'ಅಬ್ಬಾ, ಎಂಥಾ ಚಾಲಾಕಿ!' ಅಂತ ಲೆಕ್ಕ ಹಾಕ್ತಾರೆ. ಎಡವಿದರೆ ತಂತ್ರ, ಸುಮ್ಮನಿದ್ದರೆ ಇನ್ನೂ ದೊಡ್ಡ ತಂತ್ರ. ಮಿರೇಯ್ ದಾರ್ಕ್ ಅನ್ನೋ ನಟಿ ಬೆನ್ನಿಲ್ಲದ ಕಪ್ಪು ಗೌನ್‌ನಲ್ಲಿ ಅವನ ಬಾಯಿ ಬಿಡಿಸೋಕೆ ಬರ್ತಾಳೆ. ಬಿಡಿಸೋಕೆ ಅವನ ಹತ್ರ ಏನಿದೆ ಹೇಳಿ? ನಮಗೆ ನಗು ಬರೋದು ಅವನನ್ನ ನೋಡಿ ಅಲ್ಲ, ಅವನನ್ನ ನೋಡ್ತಿರೋ ಬುದ್ಧಿವಂತರನ್ನ ನೋಡಿ.

ನಾನು ಓದಿದ್ದು ಇಂಜಿನಿಯರಿಂಗ್. ಅಲ್ಲಿ ಸಿಗ್ನಲ್ ಬೇರೆ, ನಾಯ್ಸ್ ಬೇರೆ ಅಂತ ಕಲಿಸ್ತಾರೆ. ಸಿಗ್ನಲ್ ಬಂದೇ ಬರುತ್ತೆ ಅಂತ ಕಾದು ಕೂತವನಿಗೆ ಬರೀ ಗೊರಗೊರ ಸದ್ದಿನಲ್ಲೂ ಸಂದೇಶ ಕೇಳಿಸುತ್ತೆ.

ಸಿನಿಮಾದಲ್ಲಿ ನಗು ಸರಿ. ನಮ್ಮ ಕರ್ನಾಟಕದ ಡಾಕ್ಟರ್ ಮೊಹಮ್ಮದ್ ಹನೀಫ್ ನೆನಪಿದ್ದಾರಾ? 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧನ. ಹೆಂಡತಿಗೆ ಹೆರಿಗೆಯಾಗಿತ್ತು, ಮಗು ನೋಡೋಕೆ ಬೆಂಗಳೂರಿಗೆ ಹೊರಟಿದ್ರು. ಬರೀ ಹೋಗೋ ಟಿಕೆಟ್ ಇತ್ತು ಅನ್ನೋದೇ ಅನುಮಾನವಾಯ್ತು. ಅವರು ಸಂಬಂಧಿಗೆ ಕೊಟ್ಟಿದ್ದ ಸಿಮ್ ಕಾರ್ಡ್ ಗ್ಲಾಸ್ಗೋದಲ್ಲಿ ಉರಿದ ಜೀಪಿನಲ್ಲಿ ಸಿಕ್ಕಿತು ಅಂತ ಕೋರ್ಟಿನಲ್ಲೇ ಹೇಳಿದರು. ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ, ಸ್ವಾಮಿ! ಜುಲೈ 27ಕ್ಕೆ ಆರೋಪ ಕೈಬಿಟ್ಟರು. ಪರಿಹಾರ ಸಿಗೋ ಹೊತ್ತಿಗೆ 2010. ಬಂಧನ ಎಲ್ಲಾ ಚಾನೆಲ್‌ನಲ್ಲೂ ದಿನಗಟ್ಟಲೆ ಓಡಿತ್ತು. ಪರಿಹಾರದ ಸುದ್ದಿ ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ?

ಈ ಸಿನಿಮಾ ಸಿಕ್ಕರೆ ನೋಡಿ. 1985ರಲ್ಲಿ ಟಾಮ್ ಹ್ಯಾಂಕ್ಸ್ ಹಾಕ್ಕೊಂಡು ಹಾಲಿವುಡ್‌ನವರು ಇದನ್ನೇ ಮತ್ತೆ ತೆಗೆದರು, ಬೂಟು ಕೆಂಪಾಯ್ತು, ಮಜಾ ಕಮ್ಮಿಯಾಯ್ತು. ಫ್ರೆಂಚ್‌ದೇ ನೋಡಿ, ಸಬ್‌ಟೈಟಲ್ ಹಾಕ್ಕೊಂಡು.