ಬಡವನಿಗೆ ಜಾಮೀನು ಯಾರು?

(ಉಕ್ಕಡಗಾತ್ರಿಯಲ್ಲಿ ಮಾಡಿದ ಭಾಷಣ)



ತುಂಗಭದ್ರೆಯ ದಂಡೆಯಲ್ಲಿ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯ ಸನ್ನಿಧಿಯಲ್ಲಿ ನಿಂತು ಹಣದ ಮಾತನ್ನಾಡುವದು ಕೆಲವರಿಗೆ ಸರಿದೋರದಿರಬಹುದು. ಆದರೆ ಇಲ್ಲಿಗೆ ಬರುವ ಜನರು ತಮ್ಮ ತಮ್ಮ ಸಂಕಟಗಳನ್ನು ಹೊತ್ತುಕೊಂಡೇ ಬರುವರು. ಅವುಗಳಲ್ಲಿ ಸಾಲದ ಸಂಕಟವು ಚಿಕ್ಕದಲ್ಲ. ಗಾಳಿ ಸೋಕಿತೆಂದು ನಂಬಿ ಬಂದವರು ಹೊಳೆಯಲ್ಲಿ ಮಿಂದು, ಗದ್ದುಗೆಗೆ ನಮಿಸಿ, ಮನಸ್ಸನ್ನು ಹಗುರ ಮಾಡಿಕೊಂಡು ಹೋಗುವರು. ಸಾಲದ ಗಾಳಿಯಾದರೋ ಮಿಂದರೆ ಬಿಡುವಂಥದಲ್ಲ. ಅದನ್ನು ಬಿಡಿಸತಕ್ಕವರು ಬ್ಯಾಂಕಿನ ಮೇಜಿನ ಹಿಂದೆಯೂ ಸರಕಾರದ ಕಚೇರಿಯ ಕುರ್ಚಿಯ ಮೇಲೆಯೂ ಕುಳಿತಿರುವರು. ಅವರ ಧರ್ಮವೇನೆಂಬದನ್ನು ವಿಚಾರಿಸುವದು ಈ ಸ್ಥಳಕ್ಕೆ ಅನುಚಿತವಲ್ಲವೆಂದು ಭಾವಿಸಿದ್ದೇನೆ.

ರೈತನು ಸಾಲ ಕೇಳಹೋದರೆ ಅವನನ್ನು ಮೊದಲು ಕೇಳುವ ಪ್ರಶ್ನೆ, “ಜಾಮೀನು ಯಾರು?” ಎಂಬದು. ಪ್ರಶ್ನೆಯು ನ್ಯಾಯವಾದುದೇ. ಬ್ಯಾಂಕು ಕೊಡುವ ಹಣವು ಬ್ಯಾಂಕಿನದಲ್ಲ. ಅದು ಮತ್ತೊಬ್ಬ ರೈತನದು, ವಿಧವೆಯದು, ನಿವೃತ್ತ ಶಿಕ್ಷಕನದು. ಆದರೆ ಅದೇ ಪ್ರಶ್ನೆಯನ್ನು ಒಮ್ಮೆ ತಿರುಗಿಸಿ ಕೇಳೋಣ. ಹಣವಿಟ್ಟ ಆ ವಿಧವೆಗೆ ಜಾಮೀನು ಯಾರು? ತೆರಿಗೆ ತೆತ್ತ ಪ್ರಜೆಗೆ ಜಾಮೀನು ಯಾರು? ಇದೊಂದೇ ನನ್ನ ಇಂದಿನ ಭಾಷಣದ ವಿಷಯವು.

ನಮ್ಮ ನಾಡಿಗೆ ಈ ವಿಚಾರವು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಬಿಜ್ಜಳನ ಭಂಡಾರವು ಬಸವಣ್ಣನವರ ಕೈಯಲ್ಲಿತ್ತು. ಭಂಡಾರದ ದ್ರವ್ಯವನ್ನು ಜಂಗಮರಿಗೆ ವೆಚ್ಚ ಮಾಡಿದರೆಂಬ ಆರೋಪವು ಅವರ ಮೇಲೆ ಬಂದಿತೆಂದೂ ಅವರು ಲೆಕ್ಕವೊಪ್ಪಿಸಿ ನಿಷ್ಕಳಂಕರಾದರೆಂದೂ ಪುರಾಣಗಳು ಹೇಳುವವು. ಇದರಲ್ಲಿಯ ಪವಾಡವನ್ನು ನಂಬುವವರು ನಂಬಲಿ. ನಾನು ಹಿಡಿಯುವದು ಅದರ ತಾತ್ಪರ್ಯವನ್ನು. ಅಂಥ ಮಹಾತ್ಮರನ್ನೂ ಲೆಕ್ಕ ಕೇಳಲಾಯಿತು, ಅವರೂ “ನಾನು ಯಾರೆಂದು ಬಲ್ಲಿರಾ?” ಎನ್ನದೆ ಲೆಕ್ಕ ಕೊಟ್ಟರು. ಲೆಕ್ಕ ಕೇಳುವದು ಅವಮಾನವಲ್ಲ, ಲೆಕ್ಕ ಕೊಡದಿರುವದೇ ಅವಮಾನ.

ಇನ್ನು ಸಮೀಪದ ಕಾಲಕ್ಕೆ ಬರೋಣ. 1956ರ ನವೆಂಬರ್ 1ರವರೆಗೆ ಈ ಹೊಳೆಯ ಈಚೆ ದಂಡೆಯು ಮೈಸೂರಿಗೂ ಆಚೆ ದಂಡೆಯು ಮುಂಬಯಿಗೂ ಸೇರಿತ್ತು. ಆದರೂ ಪರಸ್ಪರ ವಿಶ್ವಾಸದ ಬೀಜವು ಕನ್ನಡನಾಡಿನ ಎಲ್ಲ ತುಂಡುಗಳಲ್ಲಿಯೂ ಏಕಕಾಲಕ್ಕೆ ಮೊಳೆಯಿತು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿಕರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. 1906ರಲ್ಲಿ ಮಂಗಳೂರಿನ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕಾದ ನಿಧಿಯನ್ನೂ, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಶನ್ ಬ್ಯಾಂಕೆನಿಸಿದ ಸಂಸ್ಥೆಯನ್ನೂ ಸ್ಥಾಪಿಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿಗಳ ಬಂಡವಲಿನಿಂದ ತೊಡಗಿದ ಸಿಂಡಿಕೇಟ್ ಬ್ಯಾಂಕು 1928ರಿಂದ ಪಿಗ್ಮಿ ಠೇವಣಿಯ ಹೆಸರಿನಲ್ಲಿ ಬಡವರ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯನ್ನೂ ಕೂಡಿಸಿಕೊಂಡಿತು. ಎರಡಾಣೆ ಕೊಟ್ಟ ನೇಕಾರನಿಗೆ ಕಾಯದೆಯ ಜಾಮೀನು ಎಲ್ಲಿತ್ತು? ಹಣ ಪಡೆಯಲು ಬಂದವನ ಮೋರೆಯ ಮೇಲಿನ ಸತ್ಯವೇ ಅವನಿಗೆ ಜಾಮೀನಾಗಿತ್ತು. ಈ ಬ್ಯಾಂಕುಗಳಲ್ಲಿ ಮೈಸೂರು ಬ್ಯಾಂಕು 2017ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರಲ್ಲಿ ದೊಡ್ಡ ಬ್ಯಾಂಕುಗಳಲ್ಲಿ ಲೀನವಾದವು. ಹೆಸರು ಹೋದರೆ ಹೋಗಲಿ. ಆ ಜಾಮೀನೂ ಲೀನವಾಗಿ ಹೋಗಬಾರದಷ್ಟೆ.

ಈಗ ಕಾಯದೆಯ ಜಾಮೀನು ಉಂಟು, ಇಲ್ಲವೆನ್ನಲಾರೆ. 2020ರ ಜನವರಿಯಲ್ಲಿ ರಿಜರ್ವ್ ಬ್ಯಾಂಕು ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ, ಠೇವಣಿದಾರರು 35,000 ರೂಪಾಯಿಗಳಿಗಿಂತ ಹೆಚ್ಚು ಹಿಂತೆಗೆಯಲಾರದೆ ಹೋದರು. ಜೀವಮಾನದ ಗಳಿಕೆಯನ್ನಿಟ್ಟ ವೃದ್ಧರ ಗತಿಯೇನಾಗಿರಬೇಕು, ಊಹಿಸಿರಿ. ಮರುತಿಂಗಳು ದೇಶದಲ್ಲೆಲ್ಲ ಠೇವಣಿಯ ವಿಮೆಯು 1 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೇರಿತು. ಆಡಳಿತಕ್ಕೆ ಸಂಬಂಧಿಸಿ ನಮ್ಮಲ್ಲಿ 1984ರ ಲೋಕಾಯುಕ್ತ ಕಾಯದೆಯುಂಟು. ಜನರ ಅರ್ಜಿಯನ್ನು ಅವಧಿ ಮೀರಿ ಇಟ್ಟುಕೊಂಡ ಅಧಿಕಾರಿಯಿಂದ ದಿನಕ್ಕೆ 20 ರೂಪಾಯಿಗಳಂತೆ ಪರಿಹಾರ ಕೊಡಿಸುವ 2011ರ ‘ಸಕಾಲ’ ಕಾಯದೆಯುಂಟು. ಆದರೆ ಕಾಯದೆಯು ಬೇಲಿಯಂತೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಳುವದೇನು?

ಇದೇ ಹರಿಹರ ತಾಲೂಕಿನ ರಾಜನಹಳ್ಳಿಯಲ್ಲಿ ವಾಲ್ಮೀಕಿ ಗುರುಪೀಠವಿರುವದು. ಆ ಸಮಾಜವೇ ಮೊದಲಾದ ಪರಿಶಿಷ್ಟ ಪಂಗಡಗಳ ಏಳಿಗೆಗಾಗಿ ಸರಕಾರವು ಮಹರ್ಷಿ ವಾಲ್ಮೀಕಿ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದೆ. ಬಡವನ ಹೊಲಕ್ಕೆ ಕೊಳವೆಬಾವಿ, ತರುಣನ ಉದ್ಯೋಗಕ್ಕೆ ಸಾಲ, ಇವು ಅದರ ಕಾರ್ಯ. ಆ ನಿಗಮದ ಬ್ಯಾಂಕು ಖಾತೆಯಿಂದ ಸುಮಾರು 90 ಕೋಟಿ ರೂಪಾಯಿಗಳು ಸಂಬಂಧವಿಲ್ಲದ ಖಾತೆಗಳಿಗೆ ಹರಿದುಹೋದವೆಂಬದು 2024ರ ಮೇ ತಿಂಗಳಲ್ಲಿ ಬೆಳಕಿಗೆ ಬಂದಿತು. ಬಂದುದಾದರೂ ಹೇಗೆ? ನಿಗಮದ ಲೆಕ್ಕಪತ್ರ ವಿಭಾಗದ ಅಧೀಕ್ಷಕನೊಬ್ಬನು ಮೇಲಿನವರ ಮೇಲೆ ಆರೋಪಗಳನ್ನು ಬರೆದಿಟ್ಟು ಶಿವಮೊಗ್ಗೆಯಲ್ಲಿ ತನ್ನ ಪ್ರಾಣವನ್ನೇ ನೀಗಿಕೊಂಡನು. ಮುಂದೆ ಮಂತ್ರಿಯೊಬ್ಬರು ರಾಜೀನಾಮೆ ಕೊಟ್ಟರು, ತನಿಖೆಗಳು ನಡೆದವು. ಅಪರಾಧಿಗಳಾರೆಂಬದನ್ನು ನ್ಯಾಯಾಸನವು ಹೇಳಲಿ. ಅದು ನಮ್ಮ ಕೆಲಸವಲ್ಲ. ನಮ್ಮ ಪ್ರಶ್ನೆ ಬೇರೆ. ಒಂದು ಕಚೇರಿಯಲ್ಲಿ ನಡೆದ ಅನ್ಯಾಯವು ಹೊರಬೀಳಲು ಒಂದು ಜೀವವು ಬಲಿಯಾಗಬೇಕೇ? ಅಷ್ಟು ಹಣವು ಹೊರಹೋಗುವಾಗ ಮೇಜಿನಿಂದ ಮೇಜಿಗೆ ಕಾಗದಗಳು ನಡೆದಿರಬೇಕು. ಆ ಮೇಜುಗಳಲ್ಲೊಂದರಿಂದಾದರೂ “ಇದು ಆಗದು” ಎಂಬ ಎರಡು ಮಾತುಗಳು ಗಟ್ಟಿಯಾಗಿ ಕೇಳಿಬಂದಿದ್ದರೆ, ಬಡವನ ಬಾವಿಯ ಹಣ ಉಳಿಯುತ್ತಿತ್ತು, ಪ್ರಾಣವೂ ಉಳಿಯುತ್ತಿತ್ತೇನೋ!

ಬಾಂಧವರೇ, ಬಡವನಿಗೆ ನಿಜವಾದ ಜಾಮೀನು ಇದೇ: “ಇದು ಆಗದು” ಎನ್ನಬಲ್ಲ ನೌಕರನು. ಆದರೆ ಹಾಗೆನ್ನುವವನನ್ನು ಒಂಟಿಯಾಗಿ ಬಿಟ್ಟು ಧೈರ್ಯದ ಉಪದೇಶ ಮಾಡುವದು ಕ್ರೌರ್ಯವಾದೀತು. ಬಾಯಿಮಾತಿನ ಅಪ್ಪಣೆಯನ್ನು ಬರಹದಲ್ಲಿ ಕೊಡಿರೆಂದು ಕೇಳುವ ಹಕ್ಕು ಅವನಿಗಿರಬೇಕು. ಕೇಳಿದುದಕ್ಕಾಗಿ ವರ್ಗಾವಣೆಯ ಶಿಕ್ಷೆ ತಗಲಬಾರದು. ಅವನ ಬೆನ್ನ ಹಿಂದೆ ಅವನ ಸಂಘವೂ ಊರೂ ಪತ್ರಿಕೆಗಳೂ ನಿಲ್ಲಬೇಕು.

ಸಾಲ ಕೊಡುವವರ ಧರ್ಮದ ಮಾತು ಇನ್ನೊಂದು. ನಮ್ಮ ತಾಲೂಕು ಭದ್ರಾ ಕಾಲುವೆಯ ಕೊನೆಯಂಚಿನದು. ನೀರು ಬಾರದ ವರ್ಷ ಬತ್ತವು ಒಣಗುವದು. ಹೊಳೆ ಉಕ್ಕಿದ ವರ್ಷ ದಂಡೆಯ ಪೈರು ಕೊಳೆಯುವದು, ಈ ಊರಿನ ಸ್ನಾನಘಟ್ಟವೂ ಹಾದಿಯೂ ಮುಳುಗುವವು. ಆದರೆ ಸಾಲದ ಕಂತಿಗೆ ಬರವೂ ಗೊತ್ತಿಲ್ಲ, ನೆರೆಯೂ ಗೊತ್ತಿಲ್ಲ. ಕಿರುಸಾಲದ ವಸೂಲಿಯ ಹೆಸರಿನಲ್ಲಿ ಹೆಣ್ಣುಮಕ್ಕಳ ಮಾನಕ್ಕೆ ಕೈಹಾಕುವ ಹಾವಳಿಯು ಎಷ್ಟು ಹೆಚ್ಚಿತೆಂದರೆ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರವು ಬಲಾತ್ಕಾರದ ವಸೂಲಿಗೆ 10 ವರ್ಷಗಳವರೆಗಿನ ಸೆರೆಯನ್ನೂ 5 ಲಕ್ಷ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸುವ ಸುಗ್ರೀವಾಜ್ಞೆಯನ್ನು ಹೊರಡಿಸಬೇಕಾಯಿತು. ತೀರಿಸಲಾರದವನಿಗೆ ಅವಧಿ ಕೊಡುವದು ದಾನವಲ್ಲ, ವ್ಯವಹಾರವಿವೇಕ. ರೈತನು ಬದುಕಿದರೆ ಸಾಲವೂ ಬದುಕೀತು.

ಕರ್ತವ್ಯವು ಎಲ್ಲೆಡೆಯೂ ಸತ್ತಿದೆಯೆಂದು ನಾನು ಹೇಳಿದರೆ ಅದು ಅಸತ್ಯವಾದೀತು. ನಮ್ಮ ಜಿಲ್ಲೆಯ ನ್ಯಾಮತಿಯ ಸ್ಟೇಟ್ ಬ್ಯಾಂಕಿನಿಂದ 2024ರ ಅಕ್ಟೋಬರಿನಲ್ಲಿ 17 ಕಿಲೋಗ್ರಾಮಿಗೂ ಮೀರಿದ ಅಡವಿನ ಬಂಗಾರವು ಕಳುವಾಯಿತು. ಎಷ್ಟೋ ಮನೆಗಳ ಮಾಂಗಲ್ಯಗಳು ಅದರಲ್ಲಿದ್ದಿರಬೇಕು. ತಿಂಗಳುಗಟ್ಟಲೆ ಬೆನ್ನುಹತ್ತಿದ ದಾವಣಗೆರೆಯ ಪೋಲೀಸರು 2025ರ ಮಾರ್ಚಿನಲ್ಲಿ ಅದನ್ನು ಪತ್ತೆಹಚ್ಚಿದರು. ಬಹುಭಾಗವು ತಮಿಳುನಾಡಿನ ಬಾವಿಯೊಂದರಲ್ಲಿ ಅಡಗಿತ್ತು. ಪ್ರಜೆಯು ಸರಕಾರದ ಮೇಲೆ ನಂಬಿಕೆಯಿಡುವದು ಇಂಥ ಕೆಲಸಗಳಿಂದ.

ಕಡೆಗೆ ನಮ್ಮ ಪಾಲಿನ ಮಾತು. ಸಹಕಾರಿ ಸಂಘದ ವಾರ್ಷಿಕ ಸಭೆಗೆ ಚಹ ಕುಡಿಯಲು ಮಾತ್ರ ಹೋಗಬೇಡಿರಿ. ಲೆಕ್ಕದ ಪತ್ರಿಕೆಯನ್ನು ಓದಿಸಿ ಕೇಳಿರಿ. ಶಕ್ತಿಯಿದ್ದೂ ಸಾಲ ಮುಳುಗಿಸುವವನು ಬ್ಯಾಂಕನ್ನಲ್ಲ, ನೆರೆಮನೆಯವನನ್ನು ಮುಳುಗಿಸುವನು. ಅವನಿಗೆ ಮರ್ಯಾದೆ ಕೊಡಬೇಡಿರಿ. ನಿಮ್ಮ ಕೆಲಸ ಬೇಗನಾಗಲೆಂದು ನೀವು ಕೊಡುವ ನೂರು ರೂಪಾಯಿಯು, ಕೊಡಲಾರದ ಬಡವನ ಕಾಗದವನ್ನು ಕೆಳಕ್ಕೆ ತಳ್ಳುವದೆಂಬದನ್ನು ಮರೆಯಬೇಡಿರಿ. ಪ್ರಾಮಾಣಿಕನಾದ ಗುಮಾಸ್ತನು ನಿಮ್ಮೂರಿನಲ್ಲಿದ್ದರೆ ಅವನನ್ನು ಸಭೆಯಲ್ಲಿ ಹೆಸರೆತ್ತಿ ಹೊಗಳಿರಿ. ಅವನಿಗೆ ಕಷ್ಟ ಬಂದಾಗ ಒಟ್ಟಾಗಿ ಹೋಗಿ ಅವನ ಪಕ್ಕದಲ್ಲಿ ನಿಲ್ಲಿರಿ. ಅವನು ನಮಗೆ ಜಾಮೀನು. ಅವನಿಗೆ ನಾವು ಜಾಮೀನು. ಈ ಪರಸ್ಪರ ಜಾಮೀನಿನ ಮೇಲೆಯೇ ನಾಡು ನಿಂತಿರುವದು.